ಅಮೆಲೊಬ್ಲಾಸ್ಟೋಮಾ ನಮ್ಮೋರಿಗೇ ಜಾಸ್ತಿ ಅಂತಾರಲ್ಲ, ನಿಜನಾ?

ವಿಜಯನಗರ_ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಕೆಳದವಡೆಯ ಬಲಗಡೆ ಊದಿಕೊಂಡಿದೆ, ನೋವೇನೂ ಇಲ್ಲ. ಶೇವ್ ಮಾಡುವಾಗ ಮುಖ ಒಂದು ಕಡೆ ದಪ್ಪ ಕಂಡಿತು ಅಂತ ಅವನೇ ಹೇಳಿದ. ನಮ್ಮ ಏರಿಯಾದ ಡೆಂಟಿಸ್ಟ್ ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ತೆಗೆಸಿದರು. ಹೊರಗೆ ಬರದೆ ಒಳಗೇ ಉಳಿದ ವಿಸ್ಡಮ್ ಟೂತ್ ಸುತ್ತ ದೊಡ್ಡದಾಗಿ ಕಪ್ಪು ಜಾಗ, ಮಧ್ಯೆ ಒಂದೆರಡು ಗೆರೆ. "ಸಿಸ್ಟ್ ಇರಬಹುದು, ಅಮೆಲೊಬ್ಲಾಸ್ಟೋಮಾನೂ ಇರಬಹುದು, ಬಯಾಪ್ಸಿ ಆಗದೆ ಹೇಳೋಕಾಗಲ್ಲ" ಅಂದರು. ಸಿಸ್ಟ್ ಅಂದರೆ ಚೀಲದಂಥದ್ದು, ಅಮೆಲೊಬ್ಲಾಸ್ಟೋಮಾ ಅಂದರೆ ದವಡೆಯ ಒಂದು ಗಡ್ಡೆಯಂತೆ. ಬಯಾಪ್ಸಿ ಮುಂದಿನ ವಾರ.

ನಾನು ಸುಮ್ನೆ ಇರಲಾರದೆ ರಾತ್ರಿಯೆಲ್ಲ ಓದಿದೆ. ಅಮೆರಿಕದಲ್ಲಿ ಇದು ಕಡಿಮೆ, ಏಷ್ಯಾ ಆಫ್ರಿಕಾದಲ್ಲಿ ಹಲ್ಲುಮೂಲದ ಗಡ್ಡೆಗಳಲ್ಲಿ ಇದೇ ನಂಬರ್ ಒನ್ ಅಂತ ಎಲ್ಲ ಕಡೆ ಬರೆದಿದ್ದಾರೆ. ಹಾಗಾದರೆ ನಮ್ಮೋರಿಗೆ ಬರೋ ಛಾನ್ಸೇ ಜಾಸ್ತಿನಾ? ಊಟದಿಂದನಾ, ನೀರಿಂದನಾ, ವಂಶದಿಂದನಾ? ಅಮ್ಮ ಆಗಲೇ "ನಮ್ಮ ಕಡೆ ಯಾರಿಗೂ ಇಂಥದ್ದು ಇರಲಿಲ್ಲ, ಎಲ್ಲಾ ನಿಮ್ಮಪ್ಪನ ಕಡೆಯಿಂದ" ಅಂತ ಶುರು ಮಾಡಿದ್ದಾರೆ.

ಬಸವೇಶ್ವರನಗರ_ಬೈಟು
ಅಕ್ಕ, ಟೆನ್ಷನ್ ಮಾಡ್ಕೋಬೇಡಿ. ತಮ್ಮನಿಗೆ ಗುಟ್ಕಾ, ಸಿಗರೇಟು ಏನಾದ್ರೂ ಅಭ್ಯಾಸ ಇದೆಯಾ? ಇದ್ದರೆ ಈಗಲೇ ಬಿಡಿಸಿ. ನಮ್ಮ ಪಕ್ಕದ ಮನೆಯವರಿಗೆ ದವಡೆ ಕ್ಯಾನ್ಸರ್ ಬಂದಿದ್ದು ಅದರಿಂದಲೇ.

ಎಂಡಿಎಸ್_ಪಿಜಿ
ಬಿಡಿಸೋದು ಯಾವಾಗಲೂ ಒಳ್ಳೇದು ಅಣ್ಣ, ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೊಗೆಸೊಪ್ಪು, ಅಡಿಕೆಯಿಂದ ಕೆಡುವುದು ಬಾಯಿಯ ಒಳಪದರ. ಕ್ಯಾನ್ಸರ್ ಅಲ್ಲಿ ಶುರುವಾಗಿ ಆಮೇಲೆ ಮೂಳೆಗೆ ಇಳಿಯುತ್ತದೆ. ಇಲ್ಲಿ ಮಾತಾಡುತ್ತಿರುವುದು ಮೂಳೆಯ ಒಳಗೇ ಹುಟ್ಟುವ ಗಡ್ಡೆಗಳ ಬಗ್ಗೆ. ಹಲ್ಲು ತಯಾರಿಸುವ ಜೀವಕೋಶಗಳು ಕೆಲಸ ಮುಗಿದ ಮೇಲೂ ಅಲ್ಲಲ್ಲಿ ದವಡೆಯೊಳಗೆ ಉಳಿದುಬಿಡುತ್ತವೆ. ಎಲ್ಲರಿಗೂ ಇರುತ್ತವೆ, ನನಗೂ ನಿಮಗೂ. ಯಾರಿಗೋ ಒಬ್ಬರಿಗೆ ಅವು ಮತ್ತೆ ಬೆಳೆಯಲು ಶುರು ಮಾಡುತ್ತವೆ.

ಅಕ್ಕ, ವಂಶದ ಬಗ್ಗೆ ಕೇಳಿದಿರಿ. ಕೆಳದವಡೆಯ ಅಮೆಲೊಬ್ಲಾಸ್ಟೋಮಾಗಳಲ್ಲಿ ಹೆಚ್ಚಿನವುಗಳಲ್ಲಿ ಬ್ರ್ಯಾಫ್ ಅನ್ನೋ ಜೀನ್‌ನಲ್ಲಿ ಒಂದು ಬದಲಾವಣೆ ಇರುತ್ತದೆ ಅಂತ 2014ರಲ್ಲಿ ಗೊತ್ತಾಯಿತು. ಅದು ಆ ಗಡ್ಡೆಯ ಜೀವಕೋಶದಲ್ಲಿ ಮಾತ್ರ ಆದ ಬದಲಾವಣೆ, ಅಪ್ಪ ಅಮ್ಮನಿಂದ ಬಂದಿದ್ದಲ್ಲ. ನಿಮ್ಮಪ್ಪನ ಕಡೆಯವರನ್ನು ಸದ್ಯಕ್ಕೆ ಬಿಡುಗಡೆ ಮಾಡಿ 🙂

ಕೋಲಾರದ_ಕಡೆಯವನು
ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು ಬಣ್ಣ. ಅದರಿಂದ ಗಡ್ಡೆ ಆಗಲ್ವಾ? ಹಲ್ಲು ತಯಾರಿಸೋ ಜೀವಕೋಶ ಅಂದ್ರಲ್ಲ, ಅದಕ್ಕೇ ಕೇಳಿದೆ.

ಗಾಜುಪಟ್ಟಿ
ನಾನು ಓರಲ್ ಪೆಥಾಲಜಿಯವಳು. ಒಂದು ಡೆಂಟಲ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸ.

ಕೋಲಾರದವರೇ, ಪ್ರಶ್ನೆ ಚೆನ್ನಾಗಿದೆ. ಫ್ಲೋರೈಡ್ ಜಾಸ್ತಿಯಾದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಅದೇ ಆ ಕಂದು ಕಲೆ. ಮೈ ಮೂಳೆಗೂ ತೊಂದರೆ. ಆದರೆ ದವಡೆ ಗಡ್ಡೆಗೆ ಅದು ಕಾರಣ ಅನ್ನೋಕೆ ಆಧಾರ ಇಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ನೀವು ಓದಿದ ಅಂಕಿಗಳು ಸುಳ್ಳಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1978ರಲ್ಲಿ 706 ಹಲ್ಲುಮೂಲದ ಗಡ್ಡೆಗಳನ್ನು ಲೆಕ್ಕ ಹಾಕಿದರು. ಶೇ. 67 ಓಡಾಂಟೋಮಾ (ಇದು ಇನ್ನೊಂದು ಬಗೆ, ಏನು ಅಂತ ಕೆಳಗೆ ಹೇಳುತ್ತೇನೆ), ಅಮೆಲೊಬ್ಲಾಸ್ಟೋಮಾ ಬರೀ ಶೇ. 11. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ 1088 ಗಡ್ಡೆ, ಶೇ. 75.9 ಓಡಾಂಟೋಮಾ, ಶೇ. 11.7 ಅಮೆಲೊಬ್ಲಾಸ್ಟೋಮಾ. ಈ ಕಡೆ ನೈಜೀರಿಯಾದ ಒಂದು ಬೋಧನಾ ಆಸ್ಪತ್ರೆಯಲ್ಲಿ 2005ರಲ್ಲಿ 319 ಗಡ್ಡೆ, ಅದರಲ್ಲಿ ಶೇ. 63 ಅಮೆಲೊಬ್ಲಾಸ್ಟೋಮಾ. ಚೀನಾದಲ್ಲಿ 1998ರಲ್ಲಿ 759ಕ್ಕೆ ಶೇ. 58.6. ನಮ್ಮ ದೇಶದ ಲ್ಯಾಬುಗಳ ಪಟ್ಟಿಯಲ್ಲೂ ಸಾಮಾನ್ಯವಾಗಿ ಅಮೆಲೊಬ್ಲಾಸ್ಟೋಮಾನೇ ಮುಂದೆ.

ಇದನ್ನು ಓದಿದರೆ ನಮಗೆ ಐದಾರು ಪಟ್ಟು ಜಾಸ್ತಿ ಬರುತ್ತದೆ ಅನ್ನಿಸುತ್ತದೆ. ಹಾಗಲ್ಲ. ಇವೆಲ್ಲ ಜನರ ಲೆಕ್ಕ ಅಲ್ಲ, ಬಾಟಲಿಗಳ ಲೆಕ್ಕ. ಲ್ಯಾಬಿಗೆ ಫಾರ್ಮಲಿನ್ ಬಾಟಲಿಯಲ್ಲಿ ಬಂದಿದ್ದರಲ್ಲಿ ಎಷ್ಟು ಪಾಲು ಯಾವುದು ಅಂತ ಅಷ್ಟೆ. ಕೆ.ಆರ್. ಮಾರ್ಕೆಟ್‌ಗೆ ಬಂದ ತರಕಾರಿ ನೋಡಿ ಊರೂರ ಹೊಲದಲ್ಲಿ ಏನೇನು ಬೆಳೆದಿದೆ ಅಂತ ಹೇಳಿದ ಹಾಗೆ.

ಓಡಾಂಟೋಮಾ ಅಂದರೆ ಏನು ಗೊತ್ತಾ? ಹೆಚ್ಚಾಗಿ ಪುಟಾಣಿ ಹಲ್ಲುಗಳ ಗುಂಪು. ನಿಜವಾಗಿ ಅಕ್ಕಿಕಾಳಿನಷ್ಟು ಚಿಕ್ಕ ಹಲ್ಲುಗಳು, ಒಂದೊಂದಕ್ಕೂ ಎನಾಮಲ್, ಒಂದೊಂದಕ್ಕೂ ಬೇರು. ಸಾಮಾನ್ಯವಾಗಿ ನೋವಿಲ್ಲ, ಊತ ಇಲ್ಲ. ಮಗುವಿನ ಹಲ್ಲು ಯಾಕೆ ಬರಲಿಲ್ಲ ಅಂತ ಎಕ್ಸ್‌ರೇ ತೆಗೆದಾಗ ಸಿಗುತ್ತದೆ. ಅಮೆರಿಕದಲ್ಲಿ ಹದಿಹರೆಯದವರಿಗೆ ಕ್ಲಿಪ್ ಹಾಕಿಸುವಾಗ ಎಲ್ಲರಿಗೂ ಓಪಿಜಿ, ಸಿಕ್ಕಿದ್ದನ್ನು ತೆಗೆದು ಲ್ಯಾಬಿಗೆ ಕಳಿಸುವುದು ರೂಢಿ. ನಮ್ಮಲ್ಲಿ? ಯಾದಗಿರಿಯ ಹಳ್ಳಿಯಲ್ಲಿ ಹಲ್ಲು ಬರಲಿಲ್ಲ ಅಂತ ಯಾರು ಓಪಿಜಿ ತೆಗೆಸುತ್ತಾರೆ? ಜಯನಗರದಲ್ಲಿ ತೆಗೆಸಿದರೂ, ಡಾಕ್ಟರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ತೆಗೆದು ಅಪ್ಪ ಅಮ್ಮನ ಕೈಗೆ ಕೊಡುತ್ತಾರೆ, ಮಗು ಡಬ್ಬಿಯಲ್ಲಿಟ್ಟು ಸ್ಕೂಲಿಗೆ ಒಯ್ಯುತ್ತದೆ. ನನ್ನ ಲ್ಯಾಬಿಗೆ ಬರುವುದಿಲ್ಲ.

ಅಮೆಲೊಬ್ಲಾಸ್ಟೋಮಾ ಹಾಗಲ್ಲ. ಮೂಳೆ ತಿಂದು, ಮುಖ ದಪ್ಪ ಮಾಡಿ, ಕೊನೆಗೆ ಒಂದು ದಿನ ಆಸ್ಪತ್ರೆಗೆ ಕರೆತಂದೇ ತರುತ್ತದೆ.

ಲೆಕ್ಕದ_ಮೇಷ್ಟ್ರು
ಮೇಡಂ ಕೊಟ್ಟ ಅಂಕಿಯಲ್ಲೇ ಒಂದು ಲೆಕ್ಕ ಮಾಡಿ ನೋಡಿದೆ. ಓಡಾಂಟೋಮಾವನ್ನು ಪಟ್ಟಿಯಿಂದಲೇ ತೆಗೆದುಬಿಡೋಣ, ಅದು ಸಿಗೋದು ಬಿಡೋದು ಎಕ್ಸ್‌ರೇ ಮೇಲೆ ನಿಂತಿದೆ ಅನ್ನೋದಾದರೆ.

ಕ್ಯಾಲಿಫೋರ್ನಿಯಾ: 100ರಲ್ಲಿ 75.9 ಹೋದರೆ ಉಳಿದಿದ್ದು 24.1. ಅದರಲ್ಲಿ 11.7 ಅಂದರೆ ಶೇ. 49. ಮಿಷಿಗನ್: 33ರಲ್ಲಿ 11, ಶೇ. 33. ಚೀನಾದ ಆ ಪಟ್ಟಿಯಲ್ಲಿ ಓಡಾಂಟೋಮಾ ಶೇ. 6.7 ಮಾತ್ರ. ತೆಗೆದರೆ 93.3ರಲ್ಲಿ 58.6, ಶೇ. 63.

ಶೇ. 11.7ಕ್ಕೂ 58.6ಕ್ಕೂ ಐದು ಪಟ್ಟು ವ್ಯತ್ಯಾಸ ಇತ್ತು. ಈಗ 49ಕ್ಕೂ 63ಕ್ಕೂ. ಪೂರ್ತಿ ಹೋಗಲಿಲ್ಲ, ಆದರೆ ಬಹುಪಾಲು ಹೋಯಿತು.

ಇನ್ನೊಂದು. 2020ರ ಒಂದು ಸಮೀಕ್ಷೆ, ಲಭ್ಯ ಇರುವ ಅಧ್ಯಯನಗಳನ್ನೆಲ್ಲ ಸೇರಿಸಿ, ವರ್ಷಕ್ಕೆ 10 ಲಕ್ಷ ಜನರಲ್ಲಿ 0.92 ಅಮೆಲೊಬ್ಲಾಸ್ಟೋಮಾ ಅಂತ ಲೆಕ್ಕ ಕೊಟ್ಟಿದೆ. ಬೆಂಗಳೂರಿಗೆ 1.3 ಕೋಟಿ ಜನ ಅಂತ ಇಟ್ಟುಕೊಳ್ಳಿ. ಇಡೀ ಊರಿಗೆ ವರ್ಷಕ್ಕೆ ಹನ್ನೆರಡು ಹೊಸ ಕೇಸು. ನಮ್ಮಲ್ಲಿ ದುಪ್ಪಟ್ಟು ಅಂದುಕೊಂಡರೂ ಇಪ್ಪತ್ತನಾಲ್ಕು. "ಜಾಸ್ತಿ" ಅನ್ನುವ ಮಾತನ್ನು ಇದರ ಪಕ್ಕ ಇಟ್ಟು ನೋಡಬೇಕು.

ಎಂಡಿಎಸ್_ಪಿಜಿ
ಸರ್, ನಮ್ಮ ವಾರ್ಡಲ್ಲೇ ಅದಕ್ಕಿಂತ ಜಾಸ್ತಿ ಇದ್ದ ಹಾಗೆ ಅನ್ನಿಸುತ್ತದಲ್ಲ?

ಲೆಕ್ಕದ_ಮೇಷ್ಟ್ರು
ನಿಮ್ಮ ವಾರ್ಡಿಗೆ ಬರುವವರೆಲ್ಲ ಬೆಂಗಳೂರಿನವರಾ?

ಎಂಡಿಎಸ್_ಪಿಜಿ
ಇಲ್ಲ 😀 ರಾಯಚೂರು, ಬಳ್ಳಾರಿ, ಅನಂತಪುರ, ಕೃಷ್ಣಗಿರಿ. ಅರ್ಥ ಆಯ್ತು ಸರ್.

ಕರಾವಳಿ_ಹುಡುಗಿ
ಹಾಗಾದ್ರೆ ಜನಾಂಗದ ವ್ಯತ್ಯಾಸ ಅನ್ನೋದೆಲ್ಲ ಬರೀ ಓಳಾ ಮಾರಾಯ್ರೆ? ಎಲ್ಲದಕ್ಕೂ "ಲೆಕ್ಕ ಸರಿ ಇಲ್ಲ" ಅಂದ್ರೆ ಮುಗೀತಲ್ಲ.

ಗಾಜುಪಟ್ಟಿ
ಅಲ್ಲ, ಅದನ್ನೇ ಹೇಳೋಣ ಅಂತಿದ್ದೆ. ಬಾಟಲಿ ಲೆಕ್ಕ ಬಿಟ್ಟು ಜನರ ಲೆಕ್ಕ ಹಿಡಿದ ಅಧ್ಯಯನಗಳು ಬಹಳ ಕಡಿಮೆ, ಆದರೆ ಇವೆ. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್‍ಯಾಂಡ್ ಪ್ರದೇಶದಲ್ಲಿ, ಅಂದರೆ ಜೊಹಾನ್ಸ್‌ಬರ್ಗ್ ಸುತ್ತಮುತ್ತ, ಮರ್ವಿನ್ ಶಿಯರ್ ಮತ್ತು ಅವರ ಜೊತೆಯವರು 1978ರಲ್ಲಿ ಪ್ರಕಟಿಸಿದ್ದು. ಹತ್ತು ವರ್ಷದ ಕೇಸುಗಳನ್ನು ಆ ಪ್ರದೇಶದ ಜನಸಂಖ್ಯೆಯಿಂದ ಭಾಗಿಸಿದರು. ವರ್ಷಕ್ಕೆ 10 ಲಕ್ಷ ಕಪ್ಪು ಗಂಡಸರಲ್ಲಿ ಸುಮಾರು 2 ಅಮೆಲೊಬ್ಲಾಸ್ಟೋಮಾ, ಕಪ್ಪು ಹೆಂಗಸರಲ್ಲಿ 1.2. ಬಿಳಿ ಗಂಡಸರಲ್ಲಿ 0.2, ಬಿಳಿ ಹೆಂಗಸರಲ್ಲಿ 0.4.

ಈಗ ಯೋಚಿಸಿ. ಅದು ವರ್ಣಭೇದದ ಕಾಲ. ಒಳ್ಳೆಯ ಆಸ್ಪತ್ರೆ, ಡೆಂಟಿಸ್ಟ್, ಎಕ್ಸ್‌ರೇ ಎಲ್ಲಾ ಬಿಳಿಯರಿಗೆ. ಲೆಕ್ಕದಿಂದ ಕೇಸು ತಪ್ಪಿಹೋಗಿದ್ದರೆ ಕಪ್ಪು ಜನರ ಕಡೆಯೇ ತಪ್ಪಿರಬೇಕು. ಆದರೂ ಅವರ ದರವೇ ಜಾಸ್ತಿ ಬಂತು. ಹಾಗಾಗಿ ಆ ವ್ಯತ್ಯಾಸವನ್ನು ನಾನು ನಂಬುತ್ತೇನೆ.

ಅದೇ ಪ್ರದೇಶದಲ್ಲಿ ಕೆರಾಟೋಸಿಸ್ಟ್ ಅನ್ನೋ ದವಡೆ ಸಿಸ್ಟ್‌ನ ಲೆಕ್ಕ ಹಾಕಿದಾಗ ಉಲ್ಟಾ ಬಂತು, ಬಿಳಿಯರಲ್ಲಿ ಹಲವು ಪಟ್ಟು ಜಾಸ್ತಿ. ಇದನ್ನು ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಕೆರಾಟೋಸಿಸ್ಟ್ ಮೂಳೆಯ ಉದ್ದಕ್ಕೆ ಸದ್ದಿಲ್ಲದೆ ಹರಡುತ್ತದೆ, ಮುಖ ಊದೋದು ಬಹಳ ತಡವಾಗಿ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಕಣ್ಣಿಗೆ ಬೀಳುತ್ತದೆ. ಎಕ್ಸ್‌ರೇ ಯಾರಿಗೆ ಸಿಗುತ್ತಿತ್ತು?

ಒಂದೇ ಊರು, ಅದೇ ಲ್ಯಾಬು. ಒಂದು ಅಂಕಿ ಗಟ್ಟಿ, ಇನ್ನೊಂದು ಅಷ್ಟು ಗಟ್ಟಿಯಲ್ಲ. ಭಾರತದವರಾದ ನಾವು ಇದರಲ್ಲಿ ಎಲ್ಲಿ ನಿಲ್ಲುತ್ತೇವೆ ಅನ್ನೋಕೆ ಬಾಟಲಿ ಲೆಕ್ಕ ಸಾಲದು.

ಲೆಕ್ಕದ_ಮೇಷ್ಟ್ರು
ವಯಸ್ಸಿನ ವಿಚಾರವೂ ಹೀಗೇ. 1995ರಲ್ಲಿ 3677 ಅಮೆಲೊಬ್ಲಾಸ್ಟೋಮಾ ಕೇಸುಗಳನ್ನು ಒಟ್ಟುಗೂಡಿಸಿದ ಲೇಖನದಲ್ಲಿ ಶ್ರೀಮಂತ ದೇಶಗಳ ರೋಗಿಗಳ ಸರಾಸರಿ ವಯಸ್ಸು 39.1, ಬಡ ದೇಶಗಳಲ್ಲಿ 27.7. "ಬಡ ದೇಶದಲ್ಲಿ ಬೇಗ ಬರುತ್ತದೆ" ಅಂತ ಕ್ಲಾಸಲ್ಲಿ ಹೇಳಿಕೊಡುತ್ತಾರೆ. ಆ ದೇಶಗಳಲ್ಲಿ ಜನಸಂಖ್ಯೆಯೇ ಚಿಕ್ಕ ವಯಸ್ಸಿನದು, ಅಲ್ವಾ? ಮದುವೆ ಮನೆಗೆ ಬಂದವರ ಸರಾಸರಿ ವಯಸ್ಸೂ ಅಲ್ಲಿ ಕಡಿಮೆಯೇ ಇರುತ್ತದೆ. ವಯಸ್ಸಿನ ಗುಂಪು ಒಂದೊಂದಕ್ಕೂ ಬೇರೆ ದರ ಹಾಕದೆ ಈ ಮಾತು ಆಡಬಾರದು.

ಬಸವೇಶ್ವರನಗರ_ಬೈಟು
ನಾನು ಗುಟ್ಕಾ ಅಂದಿದ್ದಕ್ಕೆ ಇಷ್ಟು ದೂರ ಬಂತು ನೋಡಿ.

ಒಂದು ಡೌಟು. ನಮ್ಮತ್ತೆಗೆ ಹುಳುಕು ಹಲ್ಲಿನ ಬುಡದಲ್ಲಿ ಸಿಸ್ಟ್ ಅಂದಿದ್ದರು. ಅದೂ ಇದೇ ಜಾತಿನಾ?

ಎಂಡಿಎಸ್_ಪಿಜಿ
ಅಲ್ಲ. ಅದು ರ್‍ಯಾಡಿಕ್ಯುಲರ್ ಸಿಸ್ಟ್, ದವಡೆ ಸಿಸ್ಟ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಹೆಚ್ಚುಕಡಿಮೆ ಎಲ್ಲ ದೇಶದ ಪಟ್ಟಿಯಲ್ಲೂ ಅದೇ ಮೊದಲು, ಅರ್ಧದಷ್ಟು ಅಥವಾ ಅದಕ್ಕೂ ಜಾಸ್ತಿ. ಹುಳುಕು ಒಳಗೆ ಇಳಿದು ಹಲ್ಲಿನ ನರ ಸಾಯುತ್ತದೆ, ಬೇರಿನ ತುದಿಯಲ್ಲಿ ಸೋಂಕು, ಅಲ್ಲಿಂದ ಸಿಸ್ಟ್. ಎರಡನೇ ಸ್ಥಾನ ಡೆಂಟಿಜೆರಸ್ ಸಿಸ್ಟ್‌ಗೆ. ಅದು ಹೊರಬರದ ಹಲ್ಲಿನ ತಲೆಯ ಸುತ್ತ ಆಗುವುದು.

ಆದರೆ ಮೇಷ್ಟ್ರು ಕೋಪ ಮಾಡ್ಕೋಬಹುದು, ಅದರ ಲೆಕ್ಕವೂ ಸರಿ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲು ಕಿತ್ತಾಗ ಬೇರಿಗೆ ಅಂಟಿಕೊಂಡೇ ಸಿಸ್ಟ್ ಬರುತ್ತದೆ, ಹಲ್ಲಿನ ಜೊತೆ ಬಕೆಟ್‌ಗೆ ಹೋಗುತ್ತದೆ. ಕೋರಮಂಗಲದಲ್ಲಿ ರೂಟ್ ಕೆನಾಲ್ ಮಾಡುತ್ತಾರೆ. ಚಿಕ್ಕದಾದರೆ ಹಾಗೇ ವಾಸಿಯಾಗುತ್ತದೆ, ಲ್ಯಾಬಿನ ಮಾತೇ ಇಲ್ಲ. ಎರಡೂ ಕಡೆ ಲೆಕ್ಕಕ್ಕೆ ಸಿಗದು.

ವಿಜಯನಗರ_ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಬಂತು. ಓಡಾಂಟೋಜೆನಿಕ್ ಕೆರಾಟೋಸಿಸ್ಟ್ ಅಂತ ಇದೆ. ಅಮೆಲೊಬ್ಲಾಸ್ಟೋಮಾ ಅಲ್ಲ ಅಂತ ಮನೆಯಲ್ಲಿ ಖುಷಿ. ಆದರೆ ಇನ್ನೊಬ್ಬ ಡಾಕ್ಟರು ಇದು ಸಿಸ್ಟ್ ಅಲ್ಲ, ಟ್ಯೂಮರ್ ಅಂದರು. ಮತ್ತೊಬ್ಬರು ಸಿಸ್ಟೇ ಅಂದರು. ಯಾರ ಮಾತು ಕೇಳಲಿ?

ಗಾಜುಪಟ್ಟಿ
ಇಬ್ಬರೂ ಓದಿದ್ದನ್ನೇ ಹೇಳಿದ್ದಾರೆ, ಬೇರೆ ಬೇರೆ ವರ್ಷದಲ್ಲಿ ಓದಿದ್ದು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಟ್ಯೂಮರ್ ಪಟ್ಟಿಗೆ ಹಾಕಿತು. 2017ರಲ್ಲಿ ಮತ್ತೆ ಸಿಸ್ಟ್ ಪಟ್ಟಿಗೆ ತಂದಿತು, 2022ರಲ್ಲೂ ಅಲ್ಲೇ ಇದೆ. ನಿಮ್ಮ ತಮ್ಮನ ದವಡೆಯಲ್ಲಿರುವುದು ಅದರಿಂದ ಬದಲಾಗಿಲ್ಲ.

ಸ್ಲೈಡಿನಲ್ಲಿ ಇದು ಗುರುತು ಸಿಗುವುದು ಸುಲಭ. ಚೀಲದ ಒಳಪದರ ತೆಳು, ಆರರಿಂದ ಎಂಟು ಸಾಲು ಜೀವಕೋಶ. ಮೇಲ್ಭಾಗ ಸಣ್ಣ ಸಣ್ಣ ಅಲೆ ಹಾಗೆ ಮಡಿಚಿಕೊಂಡಿರುತ್ತದೆ. ಬುಡದ ಸಾಲಿನ ಜೀವಕೋಶಗಳು ಕಡುನೀಲಿ, ಒತ್ತೊತ್ತಾಗಿ ನೆಟ್ಟಗೆ ನಿಂತಿರುತ್ತವೆ. ಬಾಟಲಿಯಲ್ಲಿ ಬಂದಾಗ ಚೀಲ ತೆಳ್ಳಗಿರುತ್ತದೆ, ಕೈಗೆ ಸಿಗದೆ ಹರಿದುಹೋಗುತ್ತದೆ, ಒಳಗೆ ಮೊಸರುಗಟ್ಟಿದ ಹಾಗೆ ಬಿಳಿ ಕೆರಾಟಿನ್. ಆ ತೆಳುತನವೇ ತೊಂದರೆ. ಆಪರೇಷನ್‌ನಲ್ಲಿ ಒಂದು ಚೂರು ಒಳಗೆ ಉಳಿದರೂ ಮತ್ತೆ ಬೆಳೆಯಬಹುದು. ಸಿಸ್ಟ್ ಅಂತ ಹೆಸರಿದೆ ಅಂತ ನಿರ್ಲಕ್ಷ್ಯ ಬೇಡ. ವರ್ಷಗಟ್ಟಲೆ ಫಾಲೋಅಪ್ ಎಕ್ಸ್‌ರೇ ಬೇಕು.

ಎಂಡಿಎಸ್_ಪಿಜಿ
ಅಕ್ಕ, ಸರ್ಜನ್ ಹತ್ತಿರ ಮೂರು ವಿಷಯ ಕೇಳಿ. ಮೊದಲು ಸಣ್ಣ ಟ್ಯೂಬ್ ಇಟ್ಟು ಸಿಸ್ಟ್ ಕುಗ್ಗಿಸಿ ಆಮೇಲೆ ತೆಗೆಯುತ್ತಾರಾ, ಅಥವಾ ಒಂದೇ ಸಲ ತೆಗೆಯುತ್ತಾರಾ. ತೆಗೆದ ಮೇಲೆ ಮೂಳೆಯ ಗೋಡೆಗೆ ಏನಾದರೂ ಔಷಧ ಹಚ್ಚುತ್ತಾರಾ. ಕೆಳತುಟಿಗೆ ಹೋಗುವ ನರ ಎಷ್ಟು ಹತ್ತಿರ ಇದೆ. ಮೂರನೆಯದಕ್ಕೆ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಬೇಕಾಗಬಹುದು.

ದವಡೆಯಲ್ಲಿ ಬೇರೆ ಕಡೆಯೂ ಇಂಥದ್ದೇ ಇದೆಯಾ ಅಂತ ಆ ಓಪಿಜಿಯಲ್ಲೇ ಇನ್ನೊಮ್ಮೆ ನೋಡಿಸಿ. ಒಂದಕ್ಕಿಂತ ಜಾಸ್ತಿ ಇದ್ದರೆ ಗಾರ್ಲಿನ್ ಸಿಂಡ್ರೋಮ್ (ಇಂಥ ಸಿಸ್ಟ್‌ಗಳು ಹಲವು ಬರುವ ಒಂದು ಅಪರೂಪದ ಕಾಯಿಲೆ) ಬಗ್ಗೆ ಯೋಚಿಸಬೇಕು. ಅದು ಮಾತ್ರ ವಂಶದಲ್ಲಿ ಬರಬಹುದು.

ಗಾಜುಪಟ್ಟಿ
ಹೌದು, ಮತ್ತೆ ಇಲ್ಲಿ ಜನಾಂಗದ ವ್ಯತ್ಯಾಸ ನಿಜವಾಗಿ ಕೆಲಸಕ್ಕೆ ಬರುತ್ತದೆ. ಗಾರ್ಲಿನ್ ಇರುವ ಬಿಳಿಯರಿಗೆ ಚಿಕ್ಕ ವಯಸ್ಸಿನಲ್ಲೇ ಚರ್ಮದಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಸಾಲುಸಾಲಾಗಿ ಬರುತ್ತದೆ. ಚರ್ಮದ ಡಾಕ್ಟರೇ ಹಿಡಿಯುತ್ತಾರೆ. ಕಪ್ಪು, ಕಂದು ಚರ್ಮದವರಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಸಲ ಮೊದಲು ಸಿಗುವ ಸುಳಿವು ದವಡೆಯ ಸಿಸ್ಟ್. ಡೆಂಟಿಸ್ಟ್ ಹಿಡಿಯದಿದ್ದರೆ ಬೇರೆ ಯಾರೂ ಹಿಡಿಯದೆ ಹೋಗಬಹುದು. ಅಂಗೈಯಲ್ಲಿ ಸೂಜಿ ಚುಚ್ಚಿದ ಹಾಗೆ ಚಿಕ್ಕ ಗುಳಿಗಳು ಇವೆಯಾ ಅಂತ ನೋಡಿ. ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಲುಬು ಕವಲೊಡೆದಿದೆಯಾ ಅಂತಲೂ ನೋಡುತ್ತಾರೆ.

ವಿಜಯನಗರ_ಅಕ್ಕ
ಓಪಿಜಿಯಲ್ಲಿ ಒಂದೇ ಇರೋದು ಅಂದರು. ಅಂಗೈ ನಾನೇ ಟಾರ್ಚ್ ಹಾಕಿ ನೋಡಿದೆ, ಏನಿಲ್ಲ. ಅವನು "ಭವಿಷ್ಯ ಹೇಳಕ್ಕ" ಅಂತಾನೆ. ಸರ್ಜನ್ ಟ್ಯೂಬ್ ಇಟ್ಟು ಕುಗ್ಗಿಸೋಣ ಅಂದಿದ್ದಾರೆ.

ಲೆಕ್ಕದ_ಮೇಷ್ಟ್ರು
ಒಳ್ಳೆಯದಾಗಲಿ ಅಮ್ಮ.

ಮೇಡಂ ಹೇಳಿದ 2005ರ ವಿಚಾರ ಅಂಕಿಗಳಲ್ಲೂ ಕಾಣುತ್ತದೆ. ಚೀನಾದಿಂದಲೇ 2007ರಲ್ಲಿ 1642 ಗಡ್ಡೆಗಳ ಇನ್ನೊಂದು ಪಟ್ಟಿ ಬಂತು. ಅಮೆಲೊಬ್ಲಾಸ್ಟೋಮಾ ಶೇ. 58.6ರಿಂದ 40.3ಕ್ಕೆ ಇಳಿದಿತ್ತು. ಒಂಬತ್ತು ವರ್ಷದಲ್ಲಿ ರೋಗ ಕಡಿಮೆಯಾಯಿತಾ? ಇಲ್ಲ. ಹೊಸ ನಿಯಮದ ಪ್ರಕಾರ ಕೆರಾಟೋಸಿಸ್ಟ್ ಪಟ್ಟಿಗೆ ಸೇರಿ ಶೇ. 35.8 ಜಾಗ ಹಿಡಿದಿತ್ತು. ಅದನ್ನು ಹೊರಗಿಟ್ಟು ಲೆಕ್ಕ ಹಾಕಿ, 64.2ರಲ್ಲಿ 40.3, ಅಂದರೆ ಶೇ. 63. ಹೆಚ್ಚುಕಡಿಮೆ ಎಲ್ಲಿತ್ತೋ ಅಲ್ಲೇ ಇದೆ. 2005ರಿಂದ 2017ರ ನಡುವೆ ಬಂದ ಯಾವ ಪಟ್ಟಿ ಓದಿದರೂ ಮೊದಲು ಇದನ್ನು ನೋಡಬೇಕು.

ಕರಾವಳಿ_ಹುಡುಗಿ
ಹಾಗಾದ್ರೆ ಸರಿಯಾಗಿ ಲೆಕ್ಕ ಹಿಡಿದವರು ಯಾರೂ ಇಲ್ವಾ? ನಮ್ಮ ಕಿದ್ವಾಯಿಯಲ್ಲಿ ಕ್ಯಾನ್ಸರ್ ರಿಜಿಸ್ಟ್ರಿ ಇದೆಯಲ್ಲ.

ಗಾಜುಪಟ್ಟಿ
ಇದೆ. ದೇಶದಲ್ಲಿ ಜನಸಂಖ್ಯೆ ಆಧಾರಿತ ರಿಜಿಸ್ಟ್ರಿಗಳು ಐಸಿಎಂಆರ್ ಯೋಜನೆಯಲ್ಲಿ ಮೊದಲು ಶುರುವಾದ ಮೂರು ಊರುಗಳಲ್ಲಿ ಬೆಂಗಳೂರೂ ಒಂದು, ಮುಂಬೈ ಮತ್ತು ಚೆನ್ನೈ ಜೊತೆ. 1982ರಿಂದ ಲೆಕ್ಕ ಇದೆ. ಆದರೆ ಅದಕ್ಕೆ ಸೇರುವುದು ಕ್ಯಾನ್ಸರ್. ಅಮೆಲೊಬ್ಲಾಸ್ಟೋಮಾ ಮೂಳೆ ಎಷ್ಟೇ ತಿಂದರೂ ಕ್ಯಾನ್ಸರ್ ಅಲ್ಲ, ಸಿಸ್ಟ್ ಅಂತೂ ಮೊದಲೇ ಅಲ್ಲ. ಅರ್ಧ ದವಡೆ ಕತ್ತರಿಸಿ ಕಾಲಿನ ಮೂಳೆ ತಂದು ಜೋಡಿಸಿದ ಹುಡುಗನೂ ಆ ಪುಸ್ತಕದಲ್ಲಿ ಇರುವುದಿಲ್ಲ. ಇದು ನನಗೆ ಯಾವತ್ತಿನಿಂದಲೂ ಬೇಜಾರಿನ ವಿಷಯ.

ಸರಿಯಾಗಿ ಲೆಕ್ಕ ಹಿಡಿದವರಲ್ಲಿ ನನಗೆ ಇಷ್ಟವಾದವರು ಡೆನಿಸ್ ಬರ್ಕಿಟ್. ಯುಗಾಂಡದ ಕಂಪಾಲಾದಲ್ಲಿ ಸರ್ಜನ್. 1957ರಲ್ಲಿ ಒಂದು ಮಗುವನ್ನು ನೋಡಿದರು, ಮೇಲೆ ಕೆಳಗೆ, ಎಡ ಬಲ, ನಾಲ್ಕೂ ಕಡೆ ದವಡೆ ಊದಿತ್ತು. ಸ್ವಲ್ಪ ದಿನದಲ್ಲೇ ಬೇರೆ ಆಸ್ಪತ್ರೆಯಲ್ಲಿ ಅಂಥದ್ದೇ ಇನ್ನೊಂದು ಮಗು. ಆಮೇಲೆ ಫೋಟೋ ಹಾಕಿದ ಪ್ರಶ್ನೆಪಟ್ಟಿಯನ್ನು ಆಫ್ರಿಕಾದ ಆಸ್ಪತ್ರೆಗಳಿಗೆಲ್ಲ ಕಳಿಸಿದರು. 1961ರಲ್ಲಿ ಇಬ್ಬರು ಸ್ನೇಹಿತರ ಜೊತೆ ಹಳೇ ಕಾರು ಹತ್ತಿ ಸುಮಾರು 10,000 ಮೈಲಿ ಸುತ್ತಿ, ಎಲ್ಲಿ ಇದೆ ಎಲ್ಲಿ ಇಲ್ಲ ಅಂತ ಕೇಳಿಕೊಂಡು ಬಂದರು. ಬಿಸಿ ಜಾಸ್ತಿ, ಮಳೆ ಜಾಸ್ತಿ ಇರುವ ತಗ್ಗು ಪ್ರದೇಶದಲ್ಲಿ ಇತ್ತು, ಎತ್ತರದ ತಂಪು ಜಾಗದಲ್ಲಿ ಇರಲಿಲ್ಲ. ಮಲೇರಿಯಾ ಇರುವ ಜಾಗಕ್ಕೆ ಅದು ಹೊಂದುತ್ತಿತ್ತು. ಅದೇ ಗಡ್ಡೆಯಿಂದ 1964ರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಸಿಕ್ಕಿತು.

ಆ ಗಡ್ಡೆಗೆ ಈಗ ಅವರದೇ ಹೆಸರು, ಬರ್ಕಿಟ್ ಲಿಂಫೋಮಾ, ಅದೊಂದು ಕ್ಯಾನ್ಸರ್. ಅದೇ ಬೇರೆ ದೇಶಗಳಲ್ಲಿ ಬಂದರೆ ಹೆಚ್ಚಾಗಿ ಹೊಟ್ಟೆಯಲ್ಲಿ, ದವಡೆಯಲ್ಲಿ ಅಪರೂಪ. ಕರಾವಳಿಯವರೇ, ನಿಮ್ಮ ಪ್ರಶ್ನೆಗೆ ಇದೇ ಉತ್ತರ. ವ್ಯತ್ಯಾಸ ಓಳಲ್ಲ. ಆದರೆ ಅಲ್ಲಿ ಚರ್ಮದ ಬಣ್ಣ ನೋಡಿ ನಿಂತಿದ್ದರೆ ಸೊಳ್ಳೆಯ ತನಕ ಹೋಗುತ್ತಿರಲಿಲ್ಲ.

ಎಂಡಿಎಸ್_ಪಿಜಿ
ಮೇಡಂ, ಮೇಷ್ಟ್ರೇ, ನನ್ನ ಥೀಸಿಸ್‌ಗೆ ನಮ್ಮ ಕಾಲೇಜಿನ ಹಳೇ ರಿಪೋರ್ಟ್‌ಗಳನ್ನು ಲೆಕ್ಕ ಹಾಕೋಣ ಅಂತಿದ್ದೆ. ಇದನ್ನೆಲ್ಲ ಓದಿ ಅದೂ ಇನ್ನೊಂದು ಬಾಟಲಿ ಲೆಕ್ಕ ಆಗುತ್ತದೆ ಅನ್ನಿಸಿದೆ. ಬಿಟ್ಟುಬಿಡಲಾ?

ಲೆಕ್ಕದ_ಮೇಷ್ಟ್ರು
ಬಿಡಬೇಡಿ. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಜಾಸ್ತಿ ಹಾಕಿ. ರೋಗಿಯ ತಾಲ್ಲೂಕು. ಊತ ಕಂಡು ಬಂದರಾ, ಎಕ್ಸ್‌ರೇಯಲ್ಲಿ ಅಕಸ್ಮಾತ್ ಸಿಕ್ಕಿತಾ. ರೋಗಪತ್ತೆಗೆ ಯಾವ ವರ್ಷದ ವರ್ಗೀಕರಣ ಬಳಸಿದ್ದು. ನಾಲ್ಕನೆಯದು ಕಷ್ಟ, ಆದರೆ ಬೇಕು: ರೇಡಿಯಾಲಜಿ ರಿಜಿಸ್ಟರ್‌ನಲ್ಲಿ ಇದ್ದು ಪೆಥಾಲಜಿಗೆ ಬರದೇ ಹೋದ ಓಡಾಂಟೋಮಾ ಎಷ್ಟು. ಈ ಕೊನೇದನ್ನು ಕೊಟ್ಟರೆ ನಾನೇ ಕೂತು ಲೆಕ್ಕ ಮಾಡಿಕೊಡುತ್ತೇನೆ.

ಗಾಜುಪಟ್ಟಿ
ಹಳೇ ಸ್ಲೈಡ್‌ಗಳನ್ನೂ ಮತ್ತೆ ನೋಡಿ, ರಿಪೋರ್ಟಿನ ಹೆಸರು ಮಾತ್ರ ಬರೆದುಕೊಳ್ಳಬೇಡಿ. ಬಣ್ಣ ಮಾಸಿದ್ದರೆ ತುಂಡು ಇಟ್ಟಿರುವ ವ್ಯಾಕ್ಸ್ ಬ್ಲಾಕ್‌ನಿಂದ ಹೊಸದಾಗಿ ಕಟ್ ಮಾಡಿಸಿ. ಎಥಿಕ್ಸ್ ಕಮಿಟಿ ಅನುಮತಿ ಮೊದಲು ತಗೊಳ್ಳಿ, ಇಲ್ಲದಿದ್ದರೆ ಆಮೇಲೆ ಓಡಾಡಬೇಕಾಗುತ್ತದೆ.